ಅಮ್ಮಮ್ಮನ ಮನೆ ಕೆರೆಯಲ್ಲಿ ‘ಅದು’ ಕಂಡಿತು. ನಿಮ್ಮೂರಲ್ಲೂ ಹೀಗೆ ಏನಾದರೂ ಇದೆಯಾ?

ಬಾರ್ಕೂರು ಬಸ್ · ಭಾನುವಾರ ರಾತ್ರಿ 9:40

ನಗುವವರು ಪೂರ್ತಿ ಓದಿ ಆಮೇಲೆ ನಗಿ.

ಹೊಸ್ತಿಗೆ, ಅಂದರೆ ಹೊಸ ಅಕ್ಕಿ ಊಟದ ಹಬ್ಬಕ್ಕೆ ಅಂತ ಅಮ್ಮಮ್ಮನ ಮನೆಗೆ ಹೋಗಿದ್ದೆ. ಬಾರ್ಕೂರಿನಿಂದ ಸ್ವಲ್ಪ ಒಳಗೆ. ಮನೆ ಹಿಂದೆ ಗದ್ದೆ, ಗದ್ದೆ ದಾಟಿದರೆ ಕೆರೆ. ಎಕರೆಯಷ್ಟು ಇರಬಹುದು. ಒಂದು ಬದಿ ಮುರಕಲ್ಲಿನ ಮೆಟ್ಟಿಲು, ಎದುರು ಬದಿ ಪೂರ್ತಿ ಕೇದಗೆ ಪೊದೆ. ಮಳೆಗಾಲದಲ್ಲಿ ತುಂಬಿ ತೋಡಿಗೆ ಹರಿಯುತ್ತದೆ. ತೋಡು ಹೋಗಿ ಸೀತಾನದಿ ಸೇರುತ್ತದೆ.

ಸಂಜೆ ಆರೂಕಾಲು. ಮೆಟ್ಟಿಲ ಮೇಲೆ ಕೂತು ಫೋನ್ ನೋಡುತ್ತಿದ್ದೆ, ರೇಂಜ್ ಸಿಗುವುದು ಅಲ್ಲಿ ಮಾತ್ರ. ನಾಯಿ ಗುರ್ ಅಂತು. ತಲೆ ಎತ್ತಿದರೆ ಕೆರೆಯ ನಡುವೆ ನೀರು ಸೀಳಿಕೊಂಡು ಏನೋ ಹೋಗುತ್ತಿದೆ. ಕಪ್ಪಗೆ, ಮೂರು ಉಬ್ಬು, ಒಂದರ ಹಿಂದೆ ಒಂದು. ಮೊದಲಿನದ್ದು ಮುಳುಗಿದಾಗ ಎರಡನೆಯದು ಏಳುತ್ತದೆ, ಅದು ಮುಳುಗಿದಾಗ ಮೂರನೆಯದು. ಹಾವು ಅನ್ನೋಣ ಅಂದರೆ ಹಾವು ಹೀಗೆ ಮೇಲೆ ಕೆಳಗೆ ಹೋಗುವುದಿಲ್ಲ, ಅಲ್ವಾ? ಉದ್ದ ಒಂದು ಸಣ್ಣ ದೋಣಿಯಷ್ಟು. ಸೀದಾ ಕೇದಗೆ ಕಡೆ ಹೋಗಿ ಮಾಯ. ಹತ್ತು ಹದಿನೈದು ಸೆಕೆಂಡು ಅಷ್ಟೇ. ಕ್ಯಾಮರಾ ತೆರೆಯುವಷ್ಟರಲ್ಲಿ ಬರೀ ತೆರೆ. ನಾಯಿ ನನ್ನ ಕಾಲ ಹಿಂದೆ.

ಓಡಿ ಬಂದು ಅಮ್ಮಮ್ಮನಿಗೆ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ ಒಂದೇ ಮಾತು ಕೇಳಿದರು: ಸರಪಳಿ ಸದ್ದು ಕೇಳಿತಾ? ಇಲ್ಲ ಅಂದೆ. ಮತ್ತೆ ಮಾತಿಲ್ಲ. ಅಕ್ಕಿ ಆರಿಸುವುದು ಮುಂದುವರಿಯಿತು.

ಕಥೆ ಹೀಗೆ. ಕೆರೆಯ ತಳದಲ್ಲಿ ಸರಪಳಿ ಕಟ್ಟಿದ ಕೊಪ್ಪರಿಗೆ ಇದೆಯಂತೆ. ಹಿಂದೆಲ್ಲ ಮನೆಯಲ್ಲಿ ಮದುವೆ ಮುಂಜಿ ಇದ್ದರೆ ಮುಸ್ಸಂಜೆ ಹೊತ್ತು ಮೆಟ್ಟಿಲ ಮೇಲೆ ವೀಳ್ಯದೆಲೆ ಅಡಿಕೆ ಇಟ್ಟು ‘ಇಷ್ಟು ಪಾತ್ರೆ ಬೇಕು’ ಅಂತ ಹೇಳಿ ಬರುವುದು. ಬೆಳಿಗ್ಗೆ ಹೋದರೆ ತಾಮ್ರದ ಪಾತ್ರೆಗಳು ಸಾಲಾಗಿ ಕೂತಿರುತ್ತಿದ್ದವು. ಊಟ ಮುಗಿದ ಮೇಲೆ ತೊಳೆದು ವಾಪಸ್ ಇಡಬೇಕು. ಒಂದು ಸಲ ಯಾರೋ ಒಂದು ಸೌಟು ಇಟ್ಟುಕೊಂಡರು. ಅವತ್ತಿಗೆ ಪಾತ್ರೆ ಬರುವುದು ನಿಂತಿತು. ಬದಲಿಗೆ ಬಂದದ್ದು ‘ಅದು’. ಆಸಾಡಿಯ ರಾತ್ರಿಗಳಲ್ಲಿ ಸರಪಳಿ ಎಳೆದುಕೊಂಡು ಕೆರೆ ಸುತ್ತುತ್ತದೆ ಅಂತ. ಅದಕ್ಕೆ ಹೆಸರಿಲ್ಲ. ಮನೆಯಲ್ಲಿ ಎಲ್ಲರೂ ‘ಅದು’ ಅಂತಲೇ ಅನ್ನುವುದು.

ನಾನು ಕಂಡದ್ದು ಏನು?

ಸಂಶಯಪ್ಪ · ಭಾನುವಾರ ರಾತ್ರಿ 9:52

ತೆಂಗಿನ ಮಡಲು. ಹಳೇದು ನೀರಿಗೆ ಬಿದ್ದರೆ ಅರ್ಧ ಮುಳುಗಿ ಅರ್ಧ ತೇಲುತ್ತದೆ. ಗಾಳಿ ಬಂದರೆ ಹೋಗುತ್ತದೆ.

ಬಾರ್ಕೂರು ಬಸ್ · ಭಾನುವಾರ ರಾತ್ರಿ 9:55

ಗಾಳಿ ನನ್ನ ಮುಖಕ್ಕೆ ಬೀಸುತ್ತಿತ್ತು ಮಾರಾಯ್ರೆ. ಅದು ಹೋದದ್ದು ಗಾಳಿಗೆ ಎದುರು. ಮಡಲಿಗೆ ಮೋಟಾರು ಇತ್ತಾ?

ಗಾಳ ಗೋಪಾಲ · ಭಾನುವಾರ ರಾತ್ರಿ 10:03

ಕೆರೆಯಲ್ಲಿ ಮೀನು ಜಾಸ್ತಿ ಇದೆಯಾ? ಹೊರಗಿನವರಿಗೆ ಗಾಳ ಹಾಕಲಿಕ್ಕೆ ಬಿಡುತ್ತಾರಾ?

ಕದ್ರಿ ಗುಡ್ಡೆ · ಭಾನುವಾರ ರಾತ್ರಿ 10:20

ಪಾತ್ರೆ ಕೊಡುವ ಕೆರೆ ನಮ್ಮಲ್ಲೂ ಇದೆ! ಬೆಳ್ತಂಗಡಿ ಕಡೆ ನನ್ನ ಅಜ್ಜಿ ಮನೆ. ಅಲ್ಲಿ ಕದ್ದದ್ದು ಸೌಟಲ್ಲ, ಮುಚ್ಚಳ. ನನ್ನ ಹೆಂಡತಿ ಮನೆ ಕಡೆ ಚಮಚೆ ಅಂತಾರೆ. ಒಟ್ಟು ತುಳುನಾಡಿನ ಕೆರೆಗಳಿಗೆಲ್ಲ ಸೇರಿ ಒಂದು ಪೂರ್ತಿ ಅಡುಗೆಮನೆ ಬಾಕಿ ಇದೆ.

ಇದರ ಬಗ್ಗೆ ನನಗೊಂದು ಅನುಮಾನ. ಆ ಕಾಲದಲ್ಲಿ ದೊಡ್ಡ ತಾಮ್ರದ ಪಾತ್ರೆ ಎಲ್ಲರ ಮನೆಯಲ್ಲಿ ಎಲ್ಲಿತ್ತು? ದೇವಸ್ಥಾನದಲ್ಲೋ ಗುತ್ತಿನ ಮನೆಯಲ್ಲೋ ಇರುತ್ತಿತ್ತು. ಮದುವೆಗೆ ಕೇಳಿ ತರುವುದು, ಹುಳಿ ಹಾಕಿ ತಿಕ್ಕಿ ವಾಪಸ್ ಕೊಡುವುದು. ಯಾರೋ ಒಬ್ಬರು ಕೊಡಲಿಲ್ಲ. ಆ ಮನೆಯ ಹೆಸರು ಹೇಳಿದರೆ ಜಗಳ. ಕೆರೆಯ ಹೆಸರಲ್ಲಿ ಹೇಳಿದರೆ ಕಥೆ.

ಇನ್ನು ಸರಪಳಿ ಸದ್ದು. ಆಟಿಯ, ಅಂದರೆ ನಿಮ್ಮ ಆಸಾಡಿಯ ಮಳೆಯಲ್ಲಿ ತೋಡು ತುಂಬಿ ಕಲ್ಲುಗಳು ಉರುಳುವುದನ್ನು ರಾತ್ರಿ ಮಲಗಿ ಕೇಳಿದ್ದೀರಾ? ನಾನು ಕೇಳಿದ್ದೇನೆ. ಸರಪಳಿ ಅಂದರೆ ಸರಪಳಿಯೇ.

ಪಿಲಿ ನೀರು · ಭಾನುವಾರ ರಾತ್ರಿ 10:31

ನಮ್ಮ ಪಿಲಿಕುಳ ನೋಡಿ. ಪಿಲಿ ಅಂದರೆ ಹುಲಿ, ಹುಲಿ ನೀರು ಕುಡಿಯಲು ಬರುತ್ತಿದ್ದ ಕೊಳ. ಈಗ ಜನ ಅಲ್ಲಿ ಪೆಡಲ್ ದೋಣಿ ತುಳಿಯುತ್ತಾರೆ, ಹುಲಿ ಪಕ್ಕದ ಮೃಗಾಲಯದಲ್ಲಿದೆ. ಹೆಸರು ಮಾತ್ರ ಹಾಗೇ ಉಳಿದಿದೆ.

ನಾನು ಸಣ್ಣವನಿದ್ದಾಗ ನಮ್ಮ ಮನೆ ಹತ್ತಿರದ ಕೆರೆಯಲ್ಲಿ ಬ್ರಹ್ಮರಾಕ್ಷಸ ಇದ್ದ. ಹನ್ನೆರಡು ಗಂಟೆ ಬಿಸಿಲಿಗೆ ಅತ್ತ ಹೋಗಬಾರದು ಅಂತ ಕಟ್ಟುನಿಟ್ಟು. ಆಮೇಲೆ ಯಾರೋ ಕೆರೆಗೆ ಮಣ್ಣು ತುಂಬಿ ಅಪಾರ್ಟ್‌ಮೆಂಟ್ ಕಟ್ಟಿದರು. ರಾಕ್ಷಸ ಈಗ ಎಷ್ಟನೇ ಮಹಡಿಯಲ್ಲಿದ್ದಾನೋ, ಮೇಂಟೆನೆನ್ಸ್ ಕಟ್ಟುತ್ತಾನೋ ಇಲ್ಲವೋ.

ಕುಂಬ್ಳೆ ಮಗಳು · ಸೋಮವಾರ ಬೆಳಿಗ್ಗೆ 6:48

ಇಷ್ಟು ಮಂದಿ ಬರೆದಿದ್ದೀರಿ, ನಮ್ಮ ದೇವಸ್ಥಾನದ ಮೊಸಳೆ ಬಬಿಯಾ ಹೆಸರು ಒಬ್ಬರೂ ಎತ್ತಲಿಲ್ವಾ? ನನಗೆ ಬೇಜಾರಾಯಿತು.

ಮಂಗಳೂರಿಗೆ ಮದುವೆಯಾಗಿ ಬಂದವಳು ನಾನು, ತವರು ಕುಂಬ್ಳೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಅನಂತಪುರ ದೇವಸ್ಥಾನ. ಕೆರೆಯ ನಡುವೆ ಗರ್ಭಗುಡಿ, ಅದಕ್ಕೆ ಹೋಗಲು ಸಣ್ಣ ಸೇತುವೆ. ಕೆರೆ ಒಂದೊಂದು ಬದಿ 300 ಅಡಿಯಷ್ಟು. ತಿರುವನಂತಪುರದ ಪದ್ಮನಾಭನಿಗೆ ಇದೇ ಮೂಲಸ್ಥಾನ ಅಂತ ನಂಬಿಕೆ. ವಿಲ್ವಮಂಗಲ ಸ್ವಾಮಿಗಳ ಪೂಜೆಗೆ ತಂಟೆ ಮಾಡುತ್ತಿದ್ದ ಹುಡುಗನನ್ನು ಅವರು ಕೈಯಿಂದ ತಳ್ಳಿದಾಗ ಆ ಹುಡುಗ ಗುಹೆಯಲ್ಲಿ ಮಾಯವಾದನಂತೆ. ಆ ಗುಹೆ ಈಗಲೂ ಕೆರೆಯ ಮೂಲೆಯಲ್ಲಿದೆ. ಅದನ್ನು ಕಾಯುವುದು ಮೊಸಳೆ.

ನಾನು ಮೊದಲ ಸಲ ನೋಡಿದ್ದು ಎರಡನೇ ಕ್ಲಾಸಿನಲ್ಲಿ. ಮಧ್ಯಾಹ್ನದ ಪೂಜೆ ಮುಗಿದಿತ್ತು. ಭಟ್ಟರು ಅಕ್ಕಿ ಬೆಲ್ಲದ ನೈವೇದ್ಯ ಹಿಡಿದು ಮೆಟ್ಟಿಲು ಇಳಿದು ‘ಬಬಿಯಾ’ ಅಂತ ಕರೆದರು, ನಾವು ಪಕ್ಕದ ಮನೆಯ ಮಗುವನ್ನು ಕರೆಯುವ ಹಾಗೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಹಸಿರು ನೀರಿನ ಮೇಲೆ ಎರಡು ಗುಳ್ಳೆ ಕಂಡವು. ಗುಳ್ಳೆ ಅಂದುಕೊಂಡದ್ದು ಕಣ್ಣು. ಮತ್ತೆ ಮೂತಿ ಬಂತು. ನೀರು ಒಂದಿಷ್ಟೂ ಅಲುಗಲಿಲ್ಲ, ಅದೇ ನನಗೆ ಹೆದರಿಕೆ ಆದದ್ದು. ಅಪ್ಪನ ಪಂಚೆ ಹಿಡಿದುಕೊಂಡೆ. ಬಬಿಯಾ ಉಂಡೆ ತಿಂದು ಬಂದ ಹಾಗೇ ಹೋಯಿತು.

1945ರಲ್ಲಿ ಬ್ರಿಟಿಷ್ ಸಿಪಾಯಿಯೊಬ್ಬ ಅಲ್ಲಿದ್ದ ಮೊಸಳೆಯನ್ನು ಗುಂಡು ಹೊಡೆದು ಕೊಂದನಂತೆ. ಅವನು ಹಾವು ಕಚ್ಚಿ ಸತ್ತ, ಕೆಲವೇ ದಿನದಲ್ಲಿ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು ಅಂತ ಹೇಳುತ್ತಾರೆ. ಆ ಇನ್ನೊಂದೇ ಬಬಿಯಾ. 2022ರ ಅಕ್ಟೋಬರ್ 9ರ ರಾತ್ರಿ ಅದು ತೀರಿಕೊಂಡಿತು. ಜನ ಸಾಲು ನಿಂತು ನೋಡಿ ಹೋದರು, ದೇವಸ್ಥಾನದ ಜಾಗದಲ್ಲೇ ಮಣ್ಣು ಮಾಡಿದರು. ನನ್ನ ಅಮ್ಮ ಅವತ್ತು ಊಟ ಮಾಡಲಿಲ್ಲ. 2023ರ ನವೆಂಬರ್‌ನಲ್ಲಿ ಕೆರೆಯಲ್ಲಿ ಮತ್ತೊಂದು ಮೊಸಳೆ. ಈಗ ಹೇಳಿ.

ಸಂಶಯಪ್ಪ · ಸೋಮವಾರ ಬೆಳಿಗ್ಗೆ 8:15

ಕುಂಬ್ಳೆ ಅಕ್ಕ, ಬಬಿಯಾ ಮೇಲೆ ನನಗೂ ಪ್ರೀತಿ ಇದೆ. ಆದರೆ ಜನ ಅದನ್ನು ‘ಸಸ್ಯಾಹಾರಿ ಮೊಸಳೆ’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮೊಸಳೆಗೆ ನಮ್ಮ ಹಾಗೆ ದಿನಕ್ಕೆ ಮೂರು ಹೊತ್ತು ಬೇಡ. ಮೈ ಬಿಸಿ ಇಟ್ಟುಕೊಳ್ಳುವ ಖರ್ಚು ಅದಕ್ಕಿಲ್ಲ, ಬಿಸಿಲು ಕಾಯಿಸಿಕೊಂಡರೆ ಆಯಿತು. ತಿಂಗಳುಗಟ್ಟಲೆ ಏನೂ ತಿನ್ನದೆ ಇರಬಲ್ಲದು. ಕೆರೆಯಲ್ಲಿ ಮೀನಿದೆ. ರಾತ್ರಿ ಟಾರ್ಚ್ ಹಿಡಿದು ಕಾದವರು ಯಾರು?

ಹೊಸದು ಬಂದದ್ದೂ ಪವಾಡವೇ ಆಗಬೇಕಿಲ್ಲ. ನಮ್ಮ ಕಡೆಯದ್ದು ಜೌಗು ಮೊಸಳೆ. ಅದು ನೀರು ಬಿಟ್ಟು ನೆಲದ ಮೇಲೆ ಬಹಳ ದೂರ ನಡೆಯುತ್ತದೆ, ಅದೂ ರಾತ್ರಿ. ದಂಡೆಯಲ್ಲಿ ಬಿಲ ತೋಡಿ ದಿನಗಟ್ಟಲೆ ಒಳಗೇ ಇರುತ್ತದೆ.

ಕುಂಬ್ಳೆ ಮಗಳು · ಸೋಮವಾರ ಬೆಳಿಗ್ಗೆ 8:40

ನಡೆದು ಬಂದಿರಬಹುದು. ನಡೆದು ಬರಲಿಕ್ಕೆ ಅಷ್ಟು ಊರು ಬಿಟ್ಟು ಅದೇ ಕೆರೆ ಯಾಕೆ ಬೇಕಿತ್ತು? ಅಷ್ಟು ವರ್ಷ ಒಬ್ಬ ಮನುಷ್ಯನ ಮೈಗೂ ಬಾಯಿ ಹಾಕಲಿಲ್ಲ, ಅದಕ್ಕೂ ಬಿಸಿಲು ಕಾರಣವಾ?

ಸಂಶಯಪ್ಪ · ಸೋಮವಾರ ಬೆಳಿಗ್ಗೆ 8:44

ಎರಡನೇ ಪ್ರಶ್ನೆಗೆ ನನ್ನಲ್ಲಿ ಒಳ್ಳೆ ಉತ್ತರ ಇಲ್ಲ. ಊಟ ಕೊಡುವ ಕೈ ಗುರುತಾಗಿರಬಹುದು, ಅಷ್ಟೇ ಹೇಳಬಲ್ಲೆ.

ಹಳೇ ಪೇಪರ್ · ಸೋಮವಾರ ಮಧ್ಯಾಹ್ನ 1:10

ಮೂರು ಉಬ್ಬು ಅಂದ ಕೂಡಲೇ ನನಗೆ ನೆನಪಾದದ್ದು ಸ್ಕಾಟ್ಲೆಂಡಿನ ಲಾಕ್ ನೆಸ್. ಅಲ್ಲಿನ ಜನ ಬರೆಯುವ ಚಿತ್ರವೂ ಹೀಗೇ, ನೀರಿನ ಮೇಲೆ ಸಾಲು ಉಬ್ಬು.

ನೆಸ್ ಅಂದರೆ ಬಾರ್ಕೂರಿನ ಕೆರೆಯಲ್ಲ ಮತ್ತೆ. ಉದ್ದ 37 ಕಿಲೋಮೀಟರ್, ಆಳ 230 ಮೀಟರ್ ಹತ್ತಿರ. ಉಡುಪಿಯಿಂದ ಕುಂದಾಪುರಕ್ಕೆ ಹೋಗುವಷ್ಟು ಉದ್ದ ನೀರೇ ನೀರು ಅಂದುಕೊಳ್ಳಿ. ಆರನೇ ಶತಮಾನದಲ್ಲಿ ಒಬ್ಬ ಸಂತ ನೆಸ್ ನದಿಯ ಪ್ರಾಣಿಯನ್ನು ಬೆದರಿಸಿ ಓಡಿಸಿದ ಅಂತ ಹಳೇ ಕಥೆ ಇದೆ. ಆದರೆ ಗಲಾಟೆ ಶುರುವಾದದ್ದು 1933ರಲ್ಲಿ. ಆಗಷ್ಟೇ ದಂಡೆಯುದ್ದಕ್ಕೆ ಹೊಸ ರಸ್ತೆ ಆಗಿತ್ತು. ಕಾರಿನಲ್ಲಿ ಹೋಗುವವರ ಕಣ್ಣಿಗೆ ಸರೋವರ ಬಿತ್ತು, ಒಬ್ಬರಿಗೆ ಏನೋ ಕಂಡಿತು, ಪತ್ರಿಕೆಯಲ್ಲಿ ಬಂತು. ಆಮೇಲೆ ಎಲ್ಲರಿಗೂ ಕಂಡಿತು.

1934ರಲ್ಲಿ ಉದ್ದ ಕತ್ತಿನ ಆ ಫೋಟೋ ಬಂತಲ್ಲ, ನಮ್ಮ ಶಾಲೆಯ ಪುಸ್ತಕಗಳ ಮೇಲೂ ಅಂಟಿಸುತ್ತಿದ್ದೆವು. ತೆಗೆದವರು ವೈದ್ಯರು, ಹಾಗಾಗಿ ಸುಳ್ಳು ಹೇಳುವುದಿಲ್ಲ ಅಂತ ಎಲ್ಲರೂ ನಂಬಿದರು. 60 ವರ್ಷ ಆದ ಮೇಲೆ, 1994ರಲ್ಲಿ ಗುಟ್ಟು ರಟ್ಟಾಯಿತು. ಆಟಿಕೆ ಸಬ್‌ಮರೀನ್ ಮೇಲೆ ಕತ್ತು ಅಂಟಿಸಿ ತೇಲಿಬಿಟ್ಟಿದ್ದರು, ಅಷ್ಟೇ.

2018ರಲ್ಲಿ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ನೀಲ್ ಗೆಮ್ಮೆಲ್ ತಂಡ ಬಂದು ಸುಮಾರು 250 ಕಡೆಯ ನೀರು ಬಾಟಲಿಯಲ್ಲಿ ತುಂಬಿಸಿಕೊಂಡು ಹೋಯಿತು. ನೀರಿನಲ್ಲಿ ಯಾವ ಪ್ರಾಣಿ ಈಜಿದರೂ ಅದರ ಚರ್ಮ, ಲೋಳೆ, ಹೇಲು ಏನಾದರೂ ಉಳಿದಿರುತ್ತದೆ. ಅದರ ಡಿಎನ್ಎ ನೋಡಿದರೆ ಯಾರ‍್ಯಾರು ಇದ್ದಾರೆ ಅಂತ ಗೊತ್ತಾಗುತ್ತದೆ. ಮರು ವರ್ಷ ಫಲಿತಾಂಶ ಹೇಳಿದರು. ಡೈನೋಸಾರ್ ಕಾಲದ ಸರೀಸೃಪದ ಸುಳಿವೇ ಇಲ್ಲ. ಹಾವುಮೀನಿನ ಡಿಎನ್ಎ ಮಾತ್ರ ಎಲ್ಲಿ ನೋಡಿದರೂ ಇತ್ತು.

ಕೋಡಿ ಬೆಂಗ್ರೆ ಬಲೆ · ಸೋಮವಾರ ಸಂಜೆ 5:30

ಹಾವುಮೀನು ಅಂದಿರಾ, ಈಗ ನಾನು ಮಾತಾಡಬಹುದು.

ಸೀತಾ, ಸುವರ್ಣಾ ಎರಡೂ ಸೇರಿ ಸಮುದ್ರಕ್ಕೆ ಬೀಳುವುದು ನಮ್ಮಲ್ಲಿ. ಬೇರೆ ಎಷ್ಟೋ ಮೀನು ಸಮುದ್ರದಿಂದ ಮೊಟ್ಟೆಯಿಡಲು ಹೊಳೆಗೆ ಬರುತ್ತವೆ. ಹಾವುಮೀನು ತಿರುಗಾ ಮುರುಗಾ. ಹುಟ್ಟುವುದು ಸಮುದ್ರದಲ್ಲಿ, ಬೆಳೆಯುವುದು ಸಿಹಿನೀರಲ್ಲಿ. ಮರಿ ಗಾಜಿನ ಕಡ್ಡಿ ಥರ, ಆಚೆಯದ್ದು ಈಚೆ ಕಾಣುತ್ತದೆ. ಅಳಿವೆಯಿಂದ ಹೊಳೆ, ಹೊಳೆಯಿಂದ ತೋಡು, ತೋಡಿನಿಂದ ಕೆರೆ. ಅಲ್ಲಿ ವರ್ಷಗಟ್ಟಲೆ ಕೆಸರಲ್ಲಿ ಕೂತು ದಪ್ಪ ಆಗುತ್ತದೆ. ಆಮೇಲೆ ಒಂದು ಜೋರು ಮಳೆಯ ರಾತ್ರಿ ಹೊರಟುಬಿಡುತ್ತದೆ, ಸಮುದ್ರಕ್ಕೆ. ನೀರಿನ ದಾರಿ ಇಲ್ಲದಿದ್ದರೆ ಒದ್ದೆ ಹುಲ್ಲಿನ ಮೇಲೆ ಹರಿದುಕೊಂಡು ಹೋಗುತ್ತದೆ. ಕತ್ತಲೆಯಲ್ಲಿ ಗದ್ದೆ ಬದುವಿನ ಮೇಲೆ ಅದು ಎದುರಾದರೆ ಯಾರಿಗಾದರೂ ಕಥೆ ಹುಟ್ಟುತ್ತದೆ.

ನಮ್ಮ ಅಪ್ಪ ಒಮ್ಮೆ ಕೂಳಿಯಲ್ಲಿ ಹಿಡಿದಿದ್ದರು. ನನ್ನ ತೋಳಿಗಿಂತ ದಪ್ಪ, ಆಳುದ್ದಕ್ಕೆ ಸ್ವಲ್ಪ ಕಮ್ಮಿ. ಮೈಮೇಲೆ ಕಂದು ಬಣ್ಣದ ಚುಕ್ಕಿ. ಅಂಗಳದಲ್ಲಿ ಬೂದಿ ಹಾಕಿ ಹಿಡಿಯಲು ನೋಡಿದರೂ ಲೋಳೆಗೆ ಜಾರಿ ಜಾರಿ, ಕೊನೆಗೆ ಬಚ್ಚಲ ನೀರು ಹೋಗುವ ದಾರಿಯಲ್ಲಿ ತಪ್ಪಿಸಿಕೊಂಡಿತು. ಅಮ್ಮ ಮಸಾಲೆ ಅರೆದಾಗಿತ್ತು. ಆ ಮಸಾಲೆಗೆ ಬಂಗುಡೆ ಹಾಕಿದೆವು.

ರಾತ್ರಿಪಾಳಿ ಮಣಿಪಾಲ · ಮಂಗಳವಾರ ಬೆಳಗಿನ ಜಾವ 3:25

ಪಾಳಿಯಲ್ಲಿ ಸ್ವಲ್ಪ ಬಿಡುವು ಸಿಕ್ಕಿತು, ಎಲ್ಲ ಓದಿದೆ. ಬಸ್ ಅಣ್ಣ, ಉತ್ತರ ನೀವೇ ಬರೆದಿದ್ದೀರಿ. ‘ಮೇಲೆ ಕೆಳಗೆ’ ಅಂದಿರಲ್ಲ, ಅದೇ.

ಮೀನು, ಹಾವು, ಮೊಸಳೆ, ಉಡ ಎಲ್ಲ ಈಜುವುದು ಆಚೀಚೆ ಬಳುಕಿ. ಹಾವುಮೀನೂ ಅಷ್ಟೇ. ಅವುಗಳ ಬೆನ್ನು ಹೀಗೆ ಉಬ್ಬುವುದಿಲ್ಲ. ಬೆನ್ನು ಬಾಗಿಸಿ ಮೇಲೆ ಕೆಳಗೆ ಈಜುವುದು ಹಾಲು ಕುಡಿಸುವ ಪ್ರಾಣಿ: ತಿಮಿಂಗಿಲ, ಡಾಲ್ಫಿನ್, ನೀರುನಾಯಿ. ಬಾರ್ಕೂರಿನ ಕೆರೆಗೆ ತಿಮಿಂಗಿಲ ಬರಲಿಕ್ಕಿಲ್ಲ.

ನೀರುನಾಯಿಗಳು ಮನೆಮಂದಿಯೆಲ್ಲ ಸಾಲಾಗಿ ಹೋಗುತ್ತವೆ. ಒಂದು ಮುಳುಗಿದಾಗ ಹಿಂದಿನದ್ದು ಏಳುತ್ತದೆ. ಮಬ್ಬು ಬೆಳಕಲ್ಲಿ ಮೂರು ಪ್ರಾಣಿ ಒಂದೇ ಉದ್ದ ಪ್ರಾಣಿ ಥರ ಕಾಣುತ್ತದೆ. ಕರ್ನಾಟಕದಲ್ಲಿ ಇವುಗಳ ಸಂಖ್ಯೆ ಜಾಸ್ತಿ ಏನಿಲ್ಲ. ತುಂಗಭದ್ರಾ ನದಿಯ 34 ಕಿಲೋಮೀಟರನ್ನು 2015ರಲ್ಲಿ ನೀರುನಾಯಿಗಳಿಗೆ ಅಂತಲೇ ಸಂರಕ್ಷಿತ ಪ್ರದೇಶ ಮಾಡಿದರು.

ಬೇಕಿದ್ದರೆ ಪರೀಕ್ಷೆ ಮಾಡಿ. ದಂಡೆಯಲ್ಲಿ ಎತ್ತರದ ಚಪ್ಪಟೆ ಕಲ್ಲು ಹುಡುಕಿ. ನೀರುನಾಯಿ ದಿನಾ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತದೆ. ಅದರಲ್ಲಿ ಮೀನಿನ ಪೊರೆ, ಮುಳ್ಳು, ಏಡಿ ಚಿಪ್ಪು ಇದ್ದರೆ ಮುಗಿಯಿತು. ಆಮೇಲೆ ಬೆಳಿಗ್ಗೆ ಬೇಗ ಹೋಗಿ, ಸದ್ದು ಮಾಡದೆ ಕೂರಿ. ನಾಯಿಯನ್ನು ಕರೆದುಕೊಂಡು ಹೋಗಬೇಡಿ.

ಕದ್ರಿ ಗುಡ್ಡೆ · ಮಂಗಳವಾರ ಬೆಳಿಗ್ಗೆ 7:30

ನೀರುನಾಯಿ ಇರಲಿ. ಆ ಸೌಟು ಈಗ ಯಾರ ಮನೆಯಲ್ಲಿದೆ ಅಂತ ನಿಮ್ಮ ಅಮ್ಮಮ್ಮನ ಹತ್ತಿರ ಕೇಳಿ. ಕೆರೆ ನಿಮ್ಮ ಮನೆಯದ್ದು. ಪಾತ್ರೆ ಕೇಳುತ್ತಿದ್ದದ್ದೂ ನಿಮ್ಮ ಮನೆಯವರೇ. ಸುಮ್ನೆ ಹೇಳಿದೆ.

ಬಾರ್ಕೂರು ಬಸ್ · ಮಂಗಳವಾರ ಬೆಳಿಗ್ಗೆ 7:34

ಏ! ಶನಿವಾರ ಹೋಗುತ್ತೇನೆ. ಬಂದು ಹೇಳುತ್ತೇನೆ.

ಗಾಳ ಗೋಪಾಲ · ಬುಧವಾರ ರಾತ್ರಿ 8:00

ಗಾಳದ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಬಾರ್ಕೂರು ಬಸ್ · ಭಾನುವಾರ ಮಧ್ಯಾಹ್ನ 12:20

ಬಂದೆ. ಮೊದಲು ಕಂಡದ್ದು ಹೇಳುತ್ತೇನೆ.

ನಿನ್ನೆ ಸಂಜೆಯೇ ಕೇದಗೆ ಬದಿ ಸುತ್ತು ಹೊಡೆದೆ. ಮುಳ್ಳಿನಿಂದ ಕೈಯೆಲ್ಲ ಗೀರು. ತೋಡು ಶುರುವಾಗುವ ಕಡೆ ಒಂದು ಮುರಕಲ್ಲು ನೀರಿನಿಂದ ಎದ್ದು ಚಪ್ಪಟೆಯಾಗಿದೆ. ಅದರ ಮೇಲೆ ಕಪ್ಪು ಹಿಕ್ಕೆ. ಕಡ್ಡಿಯಿಂದ ಕೆದಕಿದರೆ ಮೀನಿನ ಪೊರೆ ಮಿಣಮಿಣ ಅಂತ, ಸಣ್ಣ ಏಡಿಯ ಕೊಂಬು ಒಂದು ಪೂರ್ತಿಯಾಗಿ. ವಾಸನೆ ಒಣ ಸೀಗಡಿ ಡಬ್ಬ ತೆಗೆದ ಹಾಗೆ. ಪಕ್ಕದ ಕೆಸರಲ್ಲಿ ಹೆಜ್ಜೆ, ಐದು ಬೆರಳು, ಬೆರಳ ನಡುವೆ ತೆಳ್ಳಗೆ ಚರ್ಮದ ಗುರುತು.

ಇವತ್ತು ಐದೂವರೆಗೆ ಹೋಗಿ ಕೂತೆ. ಮಂಜು. ಆರು ಗಂಟೆ ಹೊತ್ತಿಗೆ ತೋಡಿನ ಕಡೆಯಿಂದ ಹಕ್ಕಿಮರಿ ಕೂಗಿದ ಹಾಗೆ ಕೀಚ್ ಕೀಚ್. ಬಂದವು. ಮೂರು! ಅದೇ ಸಾಲು, ಅದೇ ಉಬ್ಬು. ಹತ್ತಿರದಿಂದ ನೋಡಿದರೆ ಒಂದಕ್ಕೊಂದು ಅಂಟಿಲ್ಲ, ನಡುವೆ ಮಾರುದ್ದ ಜಾಗ ಇದೆ. ದೊಡ್ಡದು ಒಂದು ಮೀನು ಹಿಡಿದು ತಲೆ ನೀರಿನ ಮೇಲೆ ಎತ್ತಿ ಕಚಕಚ ಅಗಿಯಿತು. ಈಚೆ ಮೆಟ್ಟಿಲಿಗೆ ಸದ್ದು ಕೇಳುತ್ತಿತ್ತು. ಸಣ್ಣದಕ್ಕೆ ಬೇಕಿತ್ತು, ಸಿಗಲಿಲ್ಲ, ಅದರದ್ದೇ ಕಿರುಚಾಟ. ನಾನು ಕಾಲು ಮಡಚಿ ಕೂತಿದ್ದೆ, ಜೋಮು ಹಿಡಿದು ಸ್ವಲ್ಪ ಅಲುಗಾಡಿಸಿದೆ. ಮೂರೂ ಒಮ್ಮೆಲೇ ಕತ್ತು ಎತ್ತಿ ನನ್ನನ್ನೇ ನೋಡಿದವು. ಮೀಸೆಯಿಂದ ನೀರು ಇಳಿಯುತ್ತಿತ್ತು. ಮರುಕ್ಷಣ ನೀರು ಮಾತ್ರ. ವಿಡಿಯೋ 11 ಸೆಕೆಂಡು ಇದೆ, ಅದರಲ್ಲಿ 9 ಸೆಕೆಂಡು ನನ್ನ ಹೆಬ್ಬೆರಳು.

ಮಣಿಪಾಲದವರಿಗೆ ದೊಡ್ಡ ನಮಸ್ಕಾರ.

ಓಡಿ ಹೋಗಿ ಅಮ್ಮಮ್ಮನಿಗೆ ಹೇಳಿದೆ. ‘ಅಮ್ಮಮ್ಮ, ಅದು ನೀರುನಾಯಿ!’ ಅವರು ಒಲೆ ಮುಂದೆ ಇದ್ದರು. ‘ಮೂರಾ? ಹೋದ ವರ್ಷ ಐದಿತ್ತ್’ ಅಂದರು. ನನಗೆ ಮಾತೇ ಹೊರಡಲಿಲ್ಲ. ಮತ್ತೆ ಮೊದಲ ದಿನವೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ‘ಸರಪಳಿ ಸದ್ದ್ ಇಲ್ಲ ಅಂದೆ ಅಲ್ದಾ? ಹಾಂಗಾರೆ ನೀರ್‌ನಾಯಿ. ಅದ್ ಬೇರೆ’ ಅಂದರು.

ಕುಂಬ್ಳೆ ಮಗಳು · ಭಾನುವಾರ ಮಧ್ಯಾಹ್ನ 12:31

ಅಮ್ಮಮ್ಮನ ಕಾಲಿಗೆ ನನ್ನ ನಮಸ್ಕಾರ ಹೇಳಿ.

ಕೋಡಿ ಬೆಂಗ್ರೆ ಬಲೆ · ಭಾನುವಾರ ಮಧ್ಯಾಹ್ನ 12:40

ನೀರುನಾಯಿ ಇರುವ ಕೆರೆಯಲ್ಲಿ ಮೀನು ಇದ್ದೇ ಇರುತ್ತದೆ. ಗೋಪಾಲಣ್ಣ, ನಿಮಗೆ ಉತ್ತರ ಸಿಕ್ಕಿತು.

ಕದ್ರಿ ಗುಡ್ಡೆ · ಭಾನುವಾರ ಮಧ್ಯಾಹ್ನ 12:46

ಸೌಟಿನ ವಿಷಯ ಕೇಳಿದಿರಾ?

ಬಾರ್ಕೂರು ಬಸ್ · ಭಾನುವಾರ ಮಧ್ಯಾಹ್ನ 1:15

ಕೇಳಿದೆ. ಆ ಸೌಟು ಕೊನೆಗೆ ಎಲ್ಲಿ ಹೋಯಿತು ಅಮ್ಮಮ್ಮ ಅಂತ.

ಅವರು ನನ್ನನ್ನು ನೋಡಲಿಲ್ಲ. ಒಲೆಗೆ ಒಂದು ತೆಂಗಿನ ಗರಟೆ ಹಾಕಿದರು. ಆಮೇಲೆ ‘ಚಾ ತಣ್ಣಗಾಯ್ತ್, ಕುಡಿ’ ಅಂದರು.

ನಮ್ಮ ಮನೆ ಅಟ್ಟದಲ್ಲಿ ಒಂದು ಹಳೇ ಮರದ ಪೆಟ್ಟಿಗೆ ಇದೆ. ಕೀ ಅಮ್ಮಮ್ಮನ ಸೊಂಟದಲ್ಲಿ. ನಾನು ಹುಟ್ಟಿದಾಗಿನಿಂದ ಅದನ್ನು ತೆಗೆದದ್ದು ನೋಡಿಲ್ಲ. ಅವರು ಮಧ್ಯಾಹ್ನ ಊಟ ಮಾಡಿ ಮಲಗುತ್ತಾರೆ, ಕೀ ಗೋಡೆಯ ಮೊಳೆಗೆ ಹಾಕಿರುತ್ತಾರೆ. ಈಗ ಮಲಗಿದ್ದಾರೆ. ನೋಡಲಾ?

ಸಂಶಯಪ್ಪ · ಭಾನುವಾರ ಮಧ್ಯಾಹ್ನ 1:16

ಬೇಡ ಮಾರಾಯ್ರೆ.